ತೂಕದ ಲೆಕ್ಕ ಅಲ್ಲ, ದುಡ್ಡಿನ ಲೆಕ್ಕ
ಎರಡನೇ ಮಹಾಯುದ್ಧದ ಬ್ರಿಟನ್‌ನಲ್ಲಿ ಸಕ್ಕರೆ, ಬೆಣ್ಣೆ ಎಲ್ಲ ತೂಕದ ಲೆಕ್ಕದಲ್ಲಿ ರೇಷನ್ ಆಗುತ್ತಿತ್ತು, ಆದರೆ ಮಾಂಸ ಮಾತ್ರ ದುಡ್ಡಿನ ಲೆಕ್ಕದಲ್ಲಿ. ನನಗೆ ಇದು ತುಂಬಾ ಇಷ್ಟವಾದ ವಿಷಯ. 1940ರ ಮಾರ್ಚ್‌ನಲ್ಲಿ ಶುರುವಾದಾಗ ಒಬ್ಬರಿಗೆ ವಾರಕ್ಕೆ 1 ಶಿಲಿಂಗ್ 10 ಪೆನ್ಸ್‌ನಷ್ಟು ಮಾಂಸ (ಆಗ 12 ಪೆನ್ಸ್ ಸೇರಿದರೆ 1 ಶಿಲಿಂಗ್), ಆರು ವರ್ಷದೊಳಗಿನ ಮಕ್ಕಳಿಗೆ ಅದರ ಅರ್ಧ. ಒಳ್ಳೆಯ ತುಂಡು ಬೇಕಾ, ಸ್ವಲ್ಪವೇ ಸಿಗುತ್ತದೆ. ಗಟ್ಟಿ ಮಾಂಸವಾದರೂ ಪರವಾಗಿಲ್ಲ ಅಂದರೆ ಜಾಸ್ತಿ ಸಿಗುತ್ತದೆ, ನಿಧಾನಕ್ಕೆ ಬೇಯಿಸಿಕೊಂಡರಾಯಿತು.

ಆದರೆ ಕಸಾಯಿಯವನು ಮನಸ್ಸಿಗೆ ಬಂದ ಬೆಲೆ ಹೇಳಿದರೆ ಈ ಲೆಕ್ಕವೇ ನಿಲ್ಲುವುದಿಲ್ಲ, ಅಲ್ವಾ? ಅದಕ್ಕೇ ಅಂಗಡಿಯ ಬೆಲೆಯನ್ನೂ ಆಹಾರ ಸಚಿವಾಲಯವೇ ಕಟ್ಟಿಹಾಕಿತ್ತು, ಜನ ಒಂದೇ ಅಂಗಡಿಯಲ್ಲಿ ಹೆಸರು ಬರೆಸಿಕೊಂಡು ಅಲ್ಲೇ ಕೊಳ್ಳಬೇಕಿತ್ತು. 1941ರಲ್ಲಿ ಪಾಲು 1 ಶಿಲಿಂಗ್‌ವರೆಗೂ ಇಳಿಯಿತು. ಸಾಸೇಜ್, ಲಿವರ್‌ಗೆ ರೇಷನ್ ಇರಲಿಲ್ಲ, ಆದರೆ ಸಿಗಬೇಕಲ್ಲ! ಅದಕ್ಕೂ ಕ್ಯೂ.

ಕಾಳಸಂತೆ ಇತ್ತು, ನಿಜ. ಆದರೂ ಬಡವರ ಮನೆಗೂ ಇಷ್ಟು ಮಾಂಸ ಅಂತ ಲೆಕ್ಕ ಇಟ್ಟಿದ್ದು ದೊಡ್ಡ ಕೆಲಸ ಅಂತಲೇ ನಾನು ನಂಬುತ್ತೇನೆ, ಯಾಕೆಂದರೆ ಬೆಲೆಯನ್ನು ಸುಮ್ನೆ ಬಿಟ್ಟಿದ್ದರೆ ದುಡ್ಡಿದ್ದವರೇ ಎಲ್ಲ ಹೊತ್ತೊಯ್ಯುತ್ತಿದ್ದರು. ಯುದ್ಧ 1945ಕ್ಕೆ ಮುಗಿಯಿತು. ಮಾಂಸದ ರೇಷನ್ ಮುಗಿದದ್ದು 1954ರ ಜುಲೈನಲ್ಲಿ.