ಇಂಡಿಯಾ ಎಂದು ಹೊಲಿದ ಕೆಂಪು ಟೋಪಿ

ಒಹಾಯೊದ ಹಳೇ ಸಾಮಾನಿನ ಸಂತೆಯಲ್ಲಿ ಬೆಳಿಗ್ಗೆ ಎಂಟಕ್ಕೇ ವ್ಯಾಪಾರ ಶುರುವಾಗಿರುತ್ತದೆ. ಮಾರುವವರ ಮೇಜೊಂದರ ಮೇಲೆ ಮೂರು ಫೆಜ್ ಟೋಪಿಗಳು ಒಂದರೊಳಗೊಂದು ತೂರಿಕೊಂಡು ಕೂತಿದ್ದವು. ಇವನ್ನು ಹೀಗೆ ಇಡಲೇಬಾರದು. ಒಳಗಿನ ಟೋಪಿಯ ಲಾಂಛನಕ್ಕೆ ಅಂಟಿಸಿದ ಹೊಳೆಯುವ ಕಲ್ಲುಗಳು ಹೊರಗಿನದರ ಅಸ್ತರನ್ನು ಗೀರುತ್ತವೆ, ಹೊರಗಿನದು ಒಳಗಿನದರ ಜರಿಯನ್ನು ಒತ್ತಿ ಚಪ್ಪಟೆ ಮಾಡುತ್ತದೆ. ಮೂರಕ್ಕೂ ಸೇರಿ 60 ಡಾಲರ್. ಕೆಂಪು ಎರಡು, ಕಪ್ಪು ಒಂದು. ಮೇಲಿದ್ದ ಕೆಂಪು ಟೋಪಿಯ ಹಣೆಯ ಮೇಲೆ ಚಿನ್ನದ ಬಣ್ಣದ ಜರಿಯಲ್ಲಿ ‘ಇಂಡಿಯಾ’ ಎಂದು ಹೊಲಿದಿತ್ತು.

ನಮ್ಮ ಕಡೆ ಇದು ಟರ್ಕಿ ಟೋಪಿ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್ ಕಡೆಯ ಹಿರಿಯರ ಬಾಯಲ್ಲಿ ರೂಮಿ ಟೋಪಿ. ಇಂಡಿಯಾ ಎಂಬ ಹೆಸರು ಕಂಡ ಕೂಡಲೇ ಭಾರತದಿಂದ ಬಂದದ್ದು ಅನ್ನಿಸುವುದು ಸಹಜ, ಆದರೆ ಹಾಗಲ್ಲ. ಇಂಡಿಯಾ ಎನ್ನುವುದು ಒಕ್ಲಹೋಮ ಸಿಟಿಯ ಶ್ರೈನರ್ ಸಂಘದ ಹೆಸರು. ಶ್ರೈನ್ ಎನ್ನುವುದು ಕೆಂಪು ಫೆಜ್ ತೊಡುವ ಅಮೆರಿಕದ ಒಂದು ಸೋದರ ಸಂಘ, ಅದರ ಸದಸ್ಯರು ಶ್ರೈನರ್‌ಗಳು. ಈ ಸಂಘಗಳು ತಮ್ಮ ಶಾಖೆಗಳನ್ನು ಟೆಂಪಲ್ ಎಂದು ಕರೆದು, ಪೂರ್ವ ದೇಶಗಳ ಹೆಸರುಗಳನ್ನು ಹುಡುಕಿ ಹುಡುಕಿ ಇಟ್ಟುಕೊಂಡವು. ನ್ಯೂಯಾರ್ಕಿನದು ಮೆಕ್ಕಾ, ಷಿಕಾಗೋದು ಮೆದಿನಾ, ಪೆನ್ಸಿಲ್ವೇನಿಯಾದ ರೆಡಿಂಗ್ ಊರಿನದು ರಾಜಾ. ಅಧ್ಯಕ್ಷ ಹ್ಯಾರಿ ಟ್ರೂಮನ್ ಇದ್ದದ್ದು ಕಾನ್ಸಾಸ್ ಸಿಟಿಯ ಅರರಾಟ್‌ನಲ್ಲಿ. ಟೋಪಿಯ ಮೇಲಿನ ಹೆಸರು ಊರನ್ನು ನೇರವಾಗಿ ಹೇಳುವುದಿಲ್ಲ, ಆದರೆ ಹೆಸರು ಗೊತ್ತಾದರೆ ಊರು ಗೊತ್ತಾಗುತ್ತದೆ. ಸಂಗ್ರಹಕ್ಕೆ ಇಳಿದವರು ಮೊದಲು ಕಲಿಯಬೇಕಾದ ಪಟ್ಟಿ ಇದು.

ಶ್ರೈನ್ ಶುರುವಾದದ್ದು 1872ರಲ್ಲಿ, ನ್ಯೂಯಾರ್ಕಿನಲ್ಲಿ. ವೈದ್ಯ ವಾಲ್ಟರ್ ಫ್ಲೆಮಿಂಗ್ ಮತ್ತು ನಟ ವಿಲಿಯಂ ಫ್ಲಾರೆನ್ಸ್ ಸೇರಿ ಕಟ್ಟಿದರು. ಸದಸ್ಯರೆಲ್ಲ ಮೇಸನ್ನರು, ಅಂದರೆ ಹಂತಹಂತವಾಗಿ ದೀಕ್ಷೆ ಕೊಡುವ ಫ್ರೀಮೇಸನ್ ಎಂಬ ಹಳೆಯ ಸೋದರ ಸಂಘದವರು. ಇಸ್ಲಾಮಿಗೂ ಇದಕ್ಕೂ ಧಾರ್ಮಿಕ ಸಂಬಂಧವಿಲ್ಲ. ವೇಷ, ಪದವಿಗಳ ಹೆಸರು, ಮೆರವಣಿಗೆ, ಎಲ್ಲವನ್ನೂ ಆ ಕಾಲದ ಅಮೆರಿಕನ್ನರು ಕಲ್ಪಿಸಿಕೊಂಡ ಅರಬ್ ಲೋಕದಿಂದ ಎತ್ತಿಕೊಂಡದ್ದು. 2000ದವರೆಗೆ ಶ್ರೈನ್ ಸೇರಲು ಮೇಸನ್ನರ ಮೂರು ಪದವಿಗಳ ಮೇಲೆ ಸ್ಕಾಟಿಷ್ ರೈಟ್ ಅಥವಾ ಯಾರ್ಕ್ ರೈಟ್ ಎಂಬ ಮೇಲಿನ ಪದವಿಗಳನ್ನೂ ಮುಗಿಸಿರಬೇಕಿತ್ತು. ಹಾಗಾಗಿ ಹಳೆಯ ಶ್ರೈನ್ ಟೋಪಿಯೊಂದರ ಹಿಂದೆ ಹಲವು ದೀಕ್ಷೆಗಳು, ಹಲವು ಸಂಘಗಳ ಚಂದಾ ಇರುತ್ತವೆ. 1922ರಲ್ಲಿ ಲೂಸಿಯಾನದ ಶ್ರೀವ್‌ಪೋರ್ಟ್‌ನಲ್ಲಿ ಇವರು ಮಕ್ಕಳ ಮೊದಲ ಆಸ್ಪತ್ರೆ ತೆರೆದರು. ಇವತ್ತು ಜನರಿಗೆ ಕೆಂಪು ಟೋಪಿಯ ನೆನಪಾಗುವುದು ಹೆಚ್ಚಾಗಿ ಆ ಆಸ್ಪತ್ರೆಗಳ ಮೂಲಕವೇ.

ಕಪ್ಪು ಟೋಪಿ, ಕೆಂಪು ಕುಚ್ಚು, ಮುಂದೆ ಮುಸುಕಿನ ಮುಖದ ಲಾಂಛನ ಇದ್ದರೆ ಅದು ಗ್ರೊಟ್ಟೊ ಎಂಬ ಮೇಸನ್ನರ ಇನ್ನೊಂದು ಸಂಘದ್ದು. ಇದು 1889ರಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾಮಿಲ್ಟನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ್ದು. ಆ ಮುಖ ಮೊಕಾನ್ನಾನದು, ಥಾಮಸ್ ಮೂರ್ 1817ರಲ್ಲಿ ಬರೆದ ‘ಲಲ್ಲಾ ರೂಖ್’ ಕಾವ್ಯದ ಮುಸುಕಿನ ಪ್ರವಾದಿ. ಶ್ರೈನ್ ಸೇರಲು ಬೇಕಾದ ಮೇಲಿನ ಪದವಿಗಳು ಇಲ್ಲಿಗೆ ಬೇಕಿರಲಿಲ್ಲ, ಮೂರನೆಯ ಪದವಿ ಮುಗಿಸಿದ ಮೇಸನ್ ಆಗಿದ್ದರೆ ಸಾಕಿತ್ತು. ಮಾರುವವರು ಇದನ್ನು ‘ಅಪರೂಪದ ಕಪ್ಪು ಶ್ರೈನರ್’ ಎಂದು ಕರೆದು ಬೆಲೆ ಏರಿಸುವುದುಂಟು. ಅದು ತಪ್ಪು, ಒಪ್ಪಬೇಡಿ. ಹಸಿರು ಬಣ್ಣದ್ದು, ಪಿರಮಿಡ್ ಹಾಗೆ ಮೊನೆಯಾದದ್ದು ಸಿಕ್ಕರೆ ಅದು ಟಾಲ್ ಸೀಡರ್ಸ್ ಎಂಬ ಮತ್ತೊಂದು ಮೇಸನ್ ಸಂಘದವರದು, ಫೆಜ್ ಅಲ್ಲವೇ ಅಲ್ಲ.

ಮೂರನೆಯದು ಕೆಂಪೇ, ಆದರೆ ಹೆಸರಿನ ಪಕ್ಕದಲ್ಲಿ ಒಂದು ಸಂಖ್ಯೆ ಇತ್ತು. ಕಪ್ಪು ಜನರ ಶ್ರೈನ್‌ನಲ್ಲಿ ಟೆಂಪಲುಗಳಿಗೆ ಸಂಖ್ಯೆ ಇರುತ್ತದೆ, ಆಗ ಬಿಳಿಯರದೇ ಆಗಿದ್ದ ಹಳೆಯ ಶ್ರೈನ್‌ನಲ್ಲಿ ಹೆಸರು ಮಾತ್ರ. ಬಿಳಿಯರ ಲಾಡ್ಜುಗಳ, ಅಂದರೆ ಮೇಸನ್ನರ ಸ್ಥಳೀಯ ಶಾಖೆಗಳ, ಬಾಗಿಲು ಕಪ್ಪು ಜನರಿಗೆ ಮುಚ್ಚಿದ್ದ ಕಾಲದಲ್ಲಿ ಪ್ರಿನ್ಸ್ ಹಾಲ್ ಎಂಬ ಸ್ವತಂತ್ರ ಕಪ್ಪು ಮನುಷ್ಯ 1775ರಲ್ಲಿ ಬಾಸ್ಟನ್‌ನಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದ, ಐರ್ಲೆಂಡಿನಿಂದ ಸನದು ಪಡೆದ ಲಾಡ್ಜಿನಿಂದ ದೀಕ್ಷೆ ಪಡೆದ, ಮುಂದೆ ತನ್ನವರಿಗಾಗಿ ಲಾಡ್ಜ್ ಕಟ್ಟಿದ. ಆ ಪರಂಪರೆಯವರು 1893ರಲ್ಲಿ ಷಿಕಾಗೋದಲ್ಲಿ ತಮ್ಮದೇ ಶ್ರೈನ್ ಮಾಡಿಕೊಂಡರು. ಬಿಳಿಯರ ಶ್ರೈನ್ ಇವರ ಹೆಸರು, ಲಾಂಛನ, ಟೋಪಿ ಎಲ್ಲವನ್ನೂ ನಿಲ್ಲಿಸಲು ಕೋರ್ಟಿಗೆ ಹೋಯಿತು. ಟೆಕ್ಸಸ್‌ನಲ್ಲಿ ಹೂಡಿದ ಆ ದಾವೆ ವಾಷಿಂಗ್ಟನ್‌ನ ಸುಪ್ರೀಂ ಕೋರ್ಟ್ ತಲುಪಿ, 1929ರ ಜೂನ್‌ನಲ್ಲಿ ಕಪ್ಪು ಶ್ರೈನರ ಪರ ತೀರ್ಪು ಬಂತು. ಇಷ್ಟು ವರ್ಷ ನೋಡಿಕೊಂಡು ಸುಮ್ಮನಿದ್ದು ಈಗ ತಡೆ ಕೇಳುವಂತಿಲ್ಲ ಎಂಬುದು ಅದರ ಸಾರ. ಸಂತೆಯ ಮೇಜಿನ ಮೇಲೆ ಎರಡೂ ಕೆಂಪು ಟೋಪಿ ಒಂದೇ ಥರ ಕಾಣುತ್ತವೆ. ಸಂಖ್ಯೆ ಇದ್ದದ್ದನ್ನು ತಲೆಯ ಮೇಲಿಟ್ಟುಕೊಳ್ಳುವ ಹಕ್ಕಿಗಾಗಿ ಅದರ ಒಡೆಯರು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಸಂಗ್ರಹದಲ್ಲಿ ಅದಕ್ಕೊಂದು ಚೀಟಿ ಬರೆಯುವಾಗ ಈ ಮಾತು ಬಿಟ್ಟುಹೋದರೆ ಟೋಪಿಗೆ ಅನ್ಯಾಯ.

ಲಾಂಛನವೇ ಇಲ್ಲದ ಸಾದಾ ಕೆಂಪು ಫೆಜ್ ಬಗ್ಗೆಯೂ ಎಚ್ಚರ ಬೇಕು. ಅದು ನೋಬಲ್ ಡ್ರೂ ಅಲಿ ಕಟ್ಟಿದ ಮೂರಿಷ್ ಸೈನ್ಸ್ ಟೆಂಪಲ್ ಎಂಬ ಕಪ್ಪು ಜನರ ಧರ್ಮಪಂಥದ ಅನುಯಾಯಿಗಳದಾಗಿರಬಹುದು. ಅವರಿಗೆ ಅದು ಕ್ಲಬ್ಬಿನ ಟೋಪಿಯಲ್ಲ, ಧರ್ಮದ ಉಡುಪು. ಹಾಗೆಂದು ಗೊತ್ತಾದರೆ ಅದನ್ನು ಇಟ್ಟುಕೊಳ್ಳದೆ ಆ ಸಮುದಾಯಕ್ಕೆ ತಲುಪಿಸುವುದೇ ಸರಿ ಎಂದು ನನ್ನ ಅಭಿಪ್ರಾಯ.

ಇಂಡಿಯಾ ಟೋಪಿಯನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ, ಭೂತಗನ್ನಡಿ ಹಿಡಿದದ್ದು ಹತ್ತೂವರೆಗೆ. ಮುಂದೆ ಬಾಗಿದ ಕತ್ತಿ, ಅದಕ್ಕೆ ತೂಗಿದ ಅರ್ಧಚಂದ್ರ, ನಡುವೆ ಸ್ಫಿಂಕ್ಸ್ ತಲೆ, ಕೆಳಗೆ ನಕ್ಷತ್ರ. ಆ ಅರ್ಧಚಂದ್ರ ಬರೀ ಚಂದ್ರನಲ್ಲ. ಶ್ರೈನ್‌ನ ವಿವರಣೆಯ ಪ್ರಕಾರ ಅದು ಬಂಗಾಳದ ಹುಲಿಯ ಎರಡು ಉಗುರುಗಳನ್ನು ಬುಡಕ್ಕೆ ಬುಡ ಕೂಡಿಸಿದ್ದು. ಟೋಪಿಯ ಮೇಲೆ ಕಸೂತಿಯಲ್ಲಿ ಮಾತ್ರ ಬರುತ್ತದೆ. ಆದರೆ ಆ ಕಾಲದ ಗಡಿಯಾರದ ಸರಪಳಿಯ ಪದಕಗಳಲ್ಲಿ, ಕೋಟಿನ ಪಿನ್ನುಗಳಲ್ಲಿ ನಿಜವಾದ ಹುಲಿಯುಗುರನ್ನೇ ಚಿನ್ನದಲ್ಲಿ ಕಟ್ಟಿಸುತ್ತಿದ್ದರು. ಟೋಪಿಯ ಡಬ್ಬದ ತಳದಲ್ಲಿ ಇಂಥ ಪದಕ ಸಿಗುವುದುಂಟು. ಕನ್ನಡ ಓದುಗರಿಗೆ 2023ರ ಅಕ್ಟೋಬರ್‌ನಲ್ಲಿ ಕೊರಳ ಹುಲಿಯುಗುರಿನ ಪದಕದಿಂದ ಎದ್ದ ಗದ್ದಲ ನೆನಪಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮುಂದೆ ‘ಅಜ್ಜನ ಕಾಲದ್ದು’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಅಮೆರಿಕದಲ್ಲೂ ಹುಲಿಯ ಅಂಗವನ್ನು ರಾಜ್ಯದಿಂದ ರಾಜ್ಯಕ್ಕೆ ಮಾರುವುದಕ್ಕೆ ಕಾನೂನಿನ ಬಿಗಿ ಇದೆ. ಟೋಪಿ ಕೊಳ್ಳಿ, ಉಗುರು ಕೊಳ್ಳಬೇಡಿ. ಊರಿಗೆ ತರುವ ಯೋಚನೆಯಂತೂ ಬೇಡವೇ ಬೇಡ.

ತೊಳೆಯುವ ಮೊದಲು ಓದಬೇಕು. ಟೋಪಿ ಕೈಗೆ ಬಂದ ದಿನವೇ ಹೊಳಪು ಬರಿಸಲು ಹೋದವರು ಅದರ ಅರ್ಧ ಕಥೆಯನ್ನು ಬಟ್ಟೆಯಲ್ಲಿ ಒರೆಸಿ ಹಾಕಿರುತ್ತಾರೆ. ಒಳಗಿನ ತೊಗಲ ಪಟ್ಟಿಯ ಮೇಲೆ ತಯಾರಕರ ಮುದ್ರೆ ಇರುತ್ತದೆ. ಕೊಲಂಬಸ್ ಊರಿನ ಎಂ. ಸಿ. ಲಿಲ್ಲಿ, ಸಿನ್ಸಿನಾಟಿಯ ಪೆಟ್ಟಿಬೋನ್, ಇಲಿನಾಯ್‌ನ ಗ್ರೀನ್‌ವಿಲ್‌ನ ಡಿಮೌಲಿನ್, ಇವೆಲ್ಲ ಸಂಘಗಳ ಉಡುಪು ಹೊಲಿಯುತ್ತಿದ್ದ ದೊಡ್ಡ ಹೆಸರುಗಳು. ಗಿಲೀಟು ಅಕ್ಷರ ಒದ್ದೆ ಬಟ್ಟೆ ತಾಗಿದರೂ ಏಳುತ್ತದೆ, ಆದ್ದರಿಂದ ಮೊದಲು ಓರೆ ಬೆಳಕಿನಲ್ಲಿ ಫೋಟೊ. ಅಳತೆಯೂ ಅಲ್ಲೇ ಇರುತ್ತದೆ. 7 1/8 ಎಂದರೆ 57 ಸೆಂಟಿಮೀಟರ್ ಸುತ್ತಳತೆ, 7 1/4 ಎಂದರೆ 58. ಪಟ್ಟಿಯನ್ನು ಮೆಲ್ಲಗೆ ಹೊರಕ್ಕೆ ಮಗುಚಿದರೆ ಹಿಂದೆ ಮಡಿಸಿಟ್ಟ ಕಾಗದ ಸಿಗಬಹುದು. ಸಡಿಲವಾದ ಟೋಪಿಯನ್ನು ಬಿಗಿ ಮಾಡಲು ಜನ ಕೈಗೆ ಸಿಕ್ಕ ಕಾಗದ ತುರುಕುತ್ತಿದ್ದರು. ಇದರಲ್ಲಿ ಸಿಕ್ಕದ್ದು ಚಂದಾ ಕಟ್ಟಿದ ಕಾರ್ಡು, 1953ರದು. ಟೋಪಿಯ ಕಾಲ ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೂ ಅದು ಧರಿಸಿದ ವರ್ಷ, ಹೊಲಿದ ವರ್ಷವಲ್ಲ. ಕಾರ್ಡಿನಲ್ಲಿರುವ ಹೆಸರನ್ನು ಎಲ್ಲೂ ಹಾಕಬಾರದು, ಆ ಮನೆಯವರು ಇನ್ನೂ ಇರುತ್ತಾರೆ.

ಪಟ್ಟಿಯ ಹಿಂದೆಯೇ ಕೇಡೂ ಇತ್ತು. ಸಾಸಿವೆಗಿಂತ ಸಣ್ಣ ಕೆಂಪು ಕಾಳುಗಳು, ಜೊತೆಗೆ ರೇಷ್ಮೆಯಂಥ ಬಲೆಯ ಚೂರು. ನುಸಿಯ ಮರಿಹುಳ ಉಣ್ಣೆ ತಿಂದರೆ ಅದರ ಹಿಕ್ಕೆಗೂ ಉಣ್ಣೆಯದೇ ಬಣ್ಣ. ಕೆಂಪು ಹಿಕ್ಕೆ ಎಂದರೆ ಹುಳ ಈ ಟೋಪಿಯನ್ನೇ ತಿಂದಿದೆ. ಬೆವರು ಹೀರಿದ ಉಣ್ಣೆ, ಕತ್ತಲು, ಮಡಿಕೆ, ನುಸಿಗೆ ಬೇಕಾದದ್ದೆಲ್ಲ ಅಲ್ಲೇ ಇರುತ್ತದೆ. ನುಸಿಗುಳಿಗೆ ಹಾಕುವುದು ನಮ್ಮ ರೂಢಿ, ಇಲ್ಲಿ ಬೇಡ. ನ್ಯಾಫ್ತಲೀನ್ ಹೊಗೆ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ, ವಾಸನೆ ವರ್ಷಗಟ್ಟಲೆ ಬಿಡುವುದಿಲ್ಲ, ಮನುಷ್ಯರಿಗೂ ಒಳ್ಳೆಯದಲ್ಲ. ಸರಿಯಾದ ದಾರಿ ಚಳಿ. ಟೋಪಿಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ದಪ್ಪ ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ಹೊರಗೆ ಒತ್ತಿ ಮುಚ್ಚಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಎರಡು ವಾರ. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಉಣ್ಣೆಯ ಮೇಲೆ ಹನಿ ಕಟ್ಟುತ್ತದೆ. ಅಂಟಿಸಿದ ಕಲ್ಲು ಈಗಾಗಲೇ ಅಲ್ಲಾಡುತ್ತಿದ್ದರೆ ಫ್ರೀಜರ್ ಬೇಡ, ಹಳೆಯ ಅಂಟು ಚಳಿಗೆ ಸಿಡಿದುಬಿಡುತ್ತದೆ.

ಧೂಳು ತೆಗೆಯಲು ನೀರು ಬೇಕಾಗಿಲ್ಲ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಹೀರುವ ಬಲ ಕಡಿಮೆ ಇಟ್ಟು, ಮೃದುವಾದ ಕುಂಚದಿಂದ ಧೂಳನ್ನು ಅದರ ಕಡೆಗೆ ತಳ್ಳುತ್ತಾ ಹೋಗಬೇಕು. ಪರದೆ ಇಲ್ಲದಿದ್ದರೆ ಬಿಡಿ ಕಲ್ಲು, ಸಡಿಲ ಜರಿ ನಿಮಿಷದಲ್ಲಿ ಮಾಯ. ಬಣ್ಣ ಬಿಡುತ್ತದೆಯೇ ನೋಡಲು ಭಟ್ಟಿ ಇಳಿಸಿದ ನೀರಿನಲ್ಲಿ ಹತ್ತಿ ನೆನೆಸಿ, ಹಿಂಡಿ, ತೊಗಲ ಪಟ್ಟಿಯ ಹಿಂದೆ ಕಾಣದ ಜಾಗದಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತಿ ಕುಂಕುಮದ ಬಣ್ಣಕ್ಕೆ ತಿರುಗಿತು. ಅಲ್ಲಿಗೆ ನೀರಿನ ಮಾತು ಮುಗಿಯಿತು. ಈ ಕೆಂಪು ಜರಿಯ ಒಳನೂಲಿಗೆ ಹತ್ತಿದರೆ ಚಿನ್ನದ ಅಕ್ಷರ ಗುಲಾಬಿಯಾಗಿ ನಿಲ್ಲುತ್ತದೆ, ಹಿಂದಕ್ಕೆ ತರಲು ಆಗುವುದಿಲ್ಲ.

ಸ್ಪಿರಿಟ್ ಕೂಡ ಬೇಡ, ಕಾರಣ ಅರಗು. ಇಷ್ಟು ಉಣ್ಣೆ ನೆಟ್ಟಗೆ ನಿಲ್ಲುವುದು ಅದಕ್ಕೆ ಗಟ್ಟಿಕಾರಕ ಕುಡಿಸಿರುವುದರಿಂದ. ಹಳೆಯವುಗಳಲ್ಲಿ ಅದು ಅರಗು, ನಮ್ಮ ಕಾಡುಗಳ ಅರಗಿನ ಹುಳ ಕೊಟ್ಟದ್ದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒರೆಸಿದ ಕಡೆ ಮೆತ್ತಗಾಗಿ, ಒಣಗಿದ ಮೇಲೆ ಬಿಳಿ ಮಚ್ಚೆ ಏಳುತ್ತದೆ. ಬಿಸಿಗೂ ಅದು ಸೋಲುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟ ಫೆಜ್ ಒಂದು ಪಕ್ಕಕ್ಕೆ ವಾಲುವುದು ಹೀಗೆ. ಅದೇ ಗುಣದಿಂದ ಆಕಾರ ಕೊಡಲೂ ಆಗುತ್ತದೆ. ಕೈರೋದ ಘೂರಿಯ ಬೀದಿಯಲ್ಲಿ ಇವತ್ತಿಗೂ ಹಿತ್ತಾಳೆ ಅಚ್ಚು ಬಿಸಿ ಮಾಡಿ, ನಡುವೆ ಉಣ್ಣೆ ಇಟ್ಟು, ಮೇಲಿನ ಅಚ್ಚನ್ನು ತಿರುಗಿಸಿ ಒತ್ತುತ್ತಾರೆ. ತುರ್ಕಿಯ ಸುಲ್ತಾನ್ ಎರಡನೆಯ ಮಹಮೂದ್ 1829ರಲ್ಲಿ ಅಧಿಕಾರಿಗಳಿಗೆ ಫೆಜ್ ಕಡ್ಡಾಯ ಮಾಡಿದ ಮೇಲೆ ಬೇಡಿಕೆ ಎಷ್ಟೆಂದರೆ, ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಬೊಹೀಮಿಯಾದ ಸ್ಟ್ರಾಕೊನಿಟ್ಸೆ ಊರಿನ ಕಾರ್ಖಾನೆಗಳು ತುರ್ಕರಿಗಾಗಿ ಟೋಪಿ ಮಾಡಿ ಬದುಕಿದವು. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ನುಂಗಿದಾಗ ಇಸ್ತಾಂಬುಲಿನ ಜನ ಆಸ್ಟ್ರಿಯಾದ ಫೆಜ್ ಬಹಿಷ್ಕರಿಸಿದರು. 1925ರ ನವೆಂಬರ್‌ನಲ್ಲಿ ತುರ್ಕಿಯೇ ಕಾನೂನು ಮಾಡಿ ಅದನ್ನು ತಲೆಯಿಂದ ತೆಗೆಸಿತು. ಅಲ್ಲಿ ಹಾಕಿದರೆ ಶಿಕ್ಷೆ ಇದ್ದ ಆ ದಿನಗಳಲ್ಲೇ ಅಮೆರಿಕದ ಊರೂರಿನ ಮೆರವಣಿಗೆಗಳಲ್ಲಿ ಸಾಲು ಸಾಲು ಫೆಜ್.

ಜರಿಗೆ ಕೈ ಹಾಕಲಿಲ್ಲ. ತಾಮ್ರದ ತಂತಿಯ ಮೇಲೆ ತೆಳು ಬೆಳ್ಳಿ, ಅದರ ಮೇಲೆ ಚಿನ್ನದ ಬಣ್ಣ, ಸುರುಳಿ ಸುತ್ತಿ ಕತ್ತರಿಸಿ ಮಣಿಯಂತೆ ಪೋಣಿಸಿ ಹೊಲಿದ ಕೆಲಸ. ನಾವು ಜರ್ದೋಸಿ ಎನ್ನುವುದು ಇದನ್ನೇ. ಇಂದು ಜಗತ್ತಿನ ಇಂಥ ಲಾಂಛನಗಳಲ್ಲಿ ಬಹಳಷ್ಟನ್ನು ಹೊಲಿಯುವ ಕೈಗಳು ವಾರಾಣಸಿ ಮತ್ತು ಸಿಯಾಲ್‌ಕೋಟ್‌ನವು. ಬೆಳ್ಳಿ ಉಜ್ಜುವ ದ್ರಾವಣ ಹಚ್ಚಿದರೆ ಅದು ಸುರುಳಿಯೊಳಗಿನ ದಾರಕ್ಕೆ ಇಳಿದು ಕೂತು ಒಳಗಿಂದ ತಿನ್ನುತ್ತದೆ. ಕಪ್ಪಡರಿದ್ದು ಕಪ್ಪಾಗಿಯೇ ಇರಲಿ. ತೊಗಲಿಗೆ ತಾಗಿದ ಕಡೆ ಹಸಿರು ಕಿಲುಬು ಇದ್ದರೆ ಮಾತ್ರ ಒಣ ಬಿದಿರುಕಡ್ಡಿಯಿಂದ ಕೆರೆದು ತೆಗೆಯಬಹುದು.

ಮಧ್ಯಾಹ್ನವೆಲ್ಲ ಹೋದದ್ದು ಕುಚ್ಚಿಗೆ. ಕಪ್ಪು ಕುಚ್ಚು ವರ್ಷಗಟ್ಟಲೆ ಒತ್ತಿಕೊಂಡು ಮುದುಡಿತ್ತು. ಮೊದಲು ಒಂದು ಎಳೆಯ ತುದಿ ನೋಡಬೇಕು, ರೇಷ್ಮೆಯೋ ರೇಯಾನೋ ಎಂದು. ಹಳೆಯ ರೇಷ್ಮೆ ಮುಟ್ಟಿದರೆ ಪುಡಿಯಾಗುವ ಹಂತದಲ್ಲಿದ್ದರೆ ಹಾಗೆಯೇ ಬಿಡಿ. ಇದು ರೇಯಾನ್. ಟೋಪಿಗೆ ಹಬೆ ತಾಗಬಾರದಾದ್ದರಿಂದ ಪಿನ್ನು ಬಿಚ್ಚಿ ಕುಚ್ಚನ್ನು ಬೇರೆ ಮಾಡಿ, ಕೊಕ್ಕೆಗೆ ತೂಗುಹಾಕಿ, ಕೆಟಲ್ಲಿನ ಹಬೆಯಿಂದ ಒಂದು ಗೇಣು ದೂರದಲ್ಲಿ ಹತ್ತು ಸೆಕೆಂಡು ಹಿಡಿದು, ಬೆರಳಿನಿಂದ ತುದಿಯಿಂದ ಮೇಲಕ್ಕೆ ಬಿಡಿಸುತ್ತಾ ಹೋಗಬೇಕು. ಸೆರಗಿಗೆ ಕುಚ್ಚು ಕಟ್ಟುವವರಿಗೆ ಈ ಕೈ ಗೊತ್ತು. ಬುಡದಿಂದ ಎಳೆದರೆ ಗಂಟು ಬಿಗಿಯಾಗುತ್ತದೆ, ಒದ್ದೆ ರೇಯಾನ್ ಬಹಳ ಬೇಗ ತುಂಡಾಗುತ್ತದೆ. ಬಿಡಿಸಿದ್ದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ನೇರವಾಗಿ ತೂಗುಬಿಟ್ಟೆ. ನಾಲ್ಕು ಸಲ ಮಾಡಿದ ಮೇಲೆ ಎಳೆಗಳು ನೆಟ್ಟಗಾದವು.

ಸಂಜೆಗೆ ಮೂರೂ ಬೇರೆ ಬೇರೆ ಆದವು. ಗ್ರೊಟ್ಟೊದ ಕಪ್ಪು ಟೋಪಿ ಮತ್ತು ಸಂಖ್ಯೆಯ ಕೆಂಪು ಟೋಪಿಯಲ್ಲಿ ಹುಳದ ಗುರುತಿರಲಿಲ್ಲ. ಆದರೂ ಒಂದೇ ರಾಶಿಯಲ್ಲಿ ಇದ್ದವು, ಸಂಶಯಕ್ಕೆ ಎಡೆಯಿದೆ. ಮೂರರ ಕಲ್ಲುಗಳನ್ನೂ ಒಂದೊಂದಾಗಿ ಹಲ್ಲುಕಡ್ಡಿಯ ತುದಿಯಿಂದ ಮುಟ್ಟಿ ನೋಡಿ, ಯಾವುದೂ ಅಲ್ಲಾಡದ ಮೇಲೆ ಒಳಗೆ ಆಮ್ಲವಿಲ್ಲದ ಟಿಶ್ಯೂ ಉಂಡೆ ತುಂಬಿಸಿದ್ದಾಯಿತು. ಟೋಪಿಯ ಪಕ್ಕಗಳನ್ನು ಒತ್ತದ ಹಾಗೆ ಸಡಿಲವಾಗಿ ತುಂಬಬೇಕು, ಬಿಗಿಯಾಗಿ ತುರುಕಿದರೆ ತಲೆಯ ಭಾಗ ಉಬ್ಬುತ್ತದೆ. ಪ್ರತಿ ಚೀಲಕ್ಕೂ ಒಂದು ಚೀಟಿ, ಪೆನ್ಸಿಲಿನಲ್ಲಿ, ಶಾಯಿ ಬೇಡ. ಇಂಡಿಯಾದ ಚೀಟಿಯಲ್ಲಿ ಬರೆದದ್ದು: ಒಕ್ಲಹೋಮ ಸಿಟಿ, ಅಳತೆ 7 1/8, ಕಾರ್ಡು 1953, ಕೆಂಪು ಬಣ್ಣ ನೀರಿಗೆ ಬಿಡುತ್ತದೆ, ನುಸಿ ಪಟ್ಟಿಯ ಹಿಂದೆ ಎಡಬದಿ, ಕುಚ್ಚು ಪ್ರತ್ಯೇಕ. ಕೆಳಗೆ ಫ್ರೀಜರಿಗೆ ಇಟ್ಟ ತಾರೀಖು, ತೆಗೆಯಬೇಕಾದ ತಾರೀಖು, ಅದರ ಮರುದಿನ ಚೀಲ ಬಿಚ್ಚುವ ಹೊತ್ತು.