ಜೇಬಿನ ಓದುಯಂತ್ರಕ್ಕೆ ರೆಕಾರ್ಡಿಂಗ್: ಕೆಲಸ ಎಲ್ಲಿಗೆ ಬಂತು

ಕಣ್ಣು ಕಾಣದವರಿಗಾಗಿ ಮಾಡುತ್ತಿರುವ ಜೇಬಿನ ಓದುಯಂತ್ರ ಇದು. ಡೈಸಿ ಪುಸ್ತಕ (ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಹುದಾದ ದನಿಪುಸ್ತಕ) ಓದುವ ಭಾಗ ಹಿಂದಿನ ಆವೃತ್ತಿಯಲ್ಲೇ ಮುಗಿದಿತ್ತು. ಈ ಸಲದ ಕೆಲಸವೆಲ್ಲ ರೆಕಾರ್ಡಿಂಗ್‌ನದು: ತರಗತಿಯ ಪಾಠ, ಸಭೆಯ ಮಾತು, ಯಾರೋ ಹೇಳಿದ ಫೋನ್ ನಂಬರು. ಬೋರ್ಡು ಹಳೆಯದೇ, ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರು. ಹೊಸದಾಗಿ ಸೇರಿದ್ದು ಐಎನ್‌ಎಂಪಿ441 ಮೈಕ್, 10 ಮಿ.ಮೀ. ವೈಬ್ರೇಷನ್ ಮೋಟರು, ಡಿಎಸ್3231 ಗಡಿಯಾರದ ಮಾಡ್ಯೂಲು, ಒಂದು ಸ್ಲೈಡ್ ಸ್ವಿಚ್ಚು.

ಮೊದಲು ಸ್ವಿಚ್ಚಿನ ವಿಷಯ. ಅಂಗಡಿಯಲ್ಲಿ ಸಿಗುವ ಇಂಥದೇ ಓದುಯಂತ್ರ ವಿಕ್ಟರ್ ರೀಡರ್ ಸ್ಟ್ರೀಮ್‌ನಲ್ಲಿ ರೆಕಾರ್ಡ್ ಗುಂಡಿ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಮುಗಿಯಿತು. ಒತ್ತಿ ಹಿಡಿದರೆ ಬೆರಳು ಬಿಡುವ ತನಕದ ಚುಟುಕು ಟಿಪ್ಪಣಿ. ರೂಢಿಯಾದವರಿಗೆ ಸಲೀಸು. ಆದರೆ ಗುಂಡಿ ಮುಟ್ಟಿ ನೋಡಿದರೆ ರೆಕಾರ್ಡ್ ಆಗುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಕಣ್ಣು ಕಾಣುವವರಿಗಾದರೆ ಒಂದು ಕೆಂಪು ದೀಪ ಸಾಕು. ಇಲ್ಲಿ ಯಂತ್ರ ಬಾಯಿಬಿಟ್ಟು ಹೇಳಿದರೆ ಆ ಮಾತೂ ರೆಕಾರ್ಡಿಗೆ ಬೀಳುತ್ತದೆ. ಅದಕ್ಕೇ ಸ್ಲೈಡ್ ಸ್ವಿಚ್ಚು. ಮೇಲಿದ್ದರೆ ರೆಕಾರ್ಡ್, ಕೆಳಗಿದ್ದರೆ ಇಲ್ಲ, ಜೇಬಿನೊಳಗೇ ಬೆರಳಾಡಿಸಿದರೆ ಗೊತ್ತಾಗುತ್ತದೆ.

ಇದಕ್ಕೂ ಒಂದು ತೊಡಕುಂಟು. ಮೆಮೊರಿ ಕಾರ್ಡು ತುಂಬಿಯೋ ಬ್ಯಾಟರಿ ಇಳಿದೋ ರೆಕಾರ್ಡಿಂಗ್ ತಾನಾಗಿ ನಿಂತರೆ ಸ್ವಿಚ್ಚು ಮಾತ್ರ ಮೇಲೆಯೇ ಇದ್ದು ಸುಳ್ಳು ಹೇಳುತ್ತದೆ. ಆಗ ಸ್ವಿಚ್ಚು ಇಳಿಸುವ ತನಕ 10 ಸೆಕೆಂಡಿಗೊಮ್ಮೆ ಮೂರು ಸಲ ನಡುಗುವಂತೆ ಮಾಡಿದೆ. ಶುರುವಿನಲ್ಲಿ 80 ಮಿಲಿಸೆಕೆಂಡಿನ ಒಂದೇ ನಡುಕ, ಅದಾಗಿ 250 ಮಿಲಿಸೆಕೆಂಡ್ ಬಿಟ್ಟು ಫೈಲ್ ಬರೆಯಲು ಆರಂಭ. ಇಲ್ಲದಿದ್ದರೆ ಮೋಟರಿನ ಗುರ್ರೆನ್ನುವ ಸದ್ದು ಪೆಟ್ಟಿಗೆಯ ಮೂಲಕ ಮೈಕಿಗೆ ಹೋಗುತ್ತದೆ. ಕಳೆದ ಎರಡು ಸೆಕೆಂಡಿನ ಮಾತನ್ನು ಸದಾ ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡರೆ ಮೊದಲ ಪದವೂ ತಪ್ಪುವುದಿಲ್ಲ, ನಿಜ. ಆದರೆ ಇನ್ನೊಬ್ಬರ ಮನೆಯಲ್ಲಿ ಸದಾ ಕಿವಿ ತೆರೆದಿರುವ ಯಂತ್ರ ಬೇಡವೆಂದು ಅದನ್ನು ಕೈಬಿಡಲಾಯಿತು. ಮೋಟರನ್ನು ಪೈನ ಪಿನ್ನಿಗೆ ನೇರ ಜೋಡಿಸಬೇಡಿ, ಅಷ್ಟು ಕರೆಂಟು ಕೊಡುವ ತಾಕತ್ತು ಪಿನ್ನಿಗಿಲ್ಲ. ನಡುವೆ 2ಎನ್2222 ಟ್ರಾನ್ಸಿಸ್ಟರು, ಅದರ ಬೇಸ್‌ಗೆ 1 ಕಿಲೋಓಮ್ ರೆಸಿಸ್ಟರು, ಮೋಟರಿಗೆ ಅಡ್ಡಲಾಗಿ ತಿರುಗುಮುರುಗಾಗಿ ಒಂದು ಡಯೋಡು.

ಮೈಕಿನ ವೈರಿಂಗ್: ಮೈಕಿನ ಎಸ್‌ಸಿಕೆ ಪಿನ್ನು ಪೈನ ಜಿಪಿಐಒ18ಕ್ಕೆ, ಡಬ್ಲ್ಯೂಎಸ್ 19ಕ್ಕೆ, ಎಸ್‌ಡಿ 20ಕ್ಕೆ, ವಿದ್ಯುತ್ತು 3.3 ವೋಲ್ಟು. ಎಲ್‌/ಆರ್ ಪಿನ್ನನ್ನು ಗ್ರೌಂಡಿಗೆ ಹಾಕಿದರೆ ದನಿ ಎಡ ಚಾನೆಲಿನಲ್ಲಿ ಬರುತ್ತದೆ, ಬಲ ಖಾಲಿ. ಎಡವನ್ನಷ್ಟೇ ಉಳಿಸಿಕೊಂಡರೆ ಆಯಿತು. ದನಿ ಒಳಹೋಗುವ ತೂತು ಮೈಕಿನ ತಲೆಯ ಮೇಲಿಲ್ಲ, ಬೋರ್ಡಿನ ಹಿಂಬದಿಯಲ್ಲಿದೆ. ಅಂಟು ಹಾಕುವಾಗ ಅದು ಮುಚ್ಚಿತೋ, ಮೈಕ್ ಹೋದಂತೆಯೇ. ತೂತಿನ ಸುತ್ತ ಫೋಮ್ ಉಂಗುರವಿಟ್ಟು ಪೆಟ್ಟಿಗೆಯ ರಂಧ್ರಕ್ಕೆ ಸರಿಯಾಗಿ ಕೂರಿಸಬೇಕು. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರ್ ಮಾಡಿದ ಮೇಲೆ ಕೈ ಉಜ್ಜುವ ಸದ್ದು ಬಹಳ ಮಟ್ಟಿಗೆ ತಗ್ಗಿತು.

ರೆಕಾರ್ಡಿಂಗ್ ಮೆಲ್ಲಗೆ ಕೇಳಿಸಿದರೆ ಗೇನ್ (ದನಿ ಹಿಗ್ಗಿಸುವ ಪ್ರಮಾಣ) ಏರಿಸುವ ಆಸೆ ಎಲ್ಲರಿಗೂ. ಲೆಕ್ಕ ನೋಡಿ: ಈ ಮೈಕಿನದೇ ಸುಯ್ಯೆನ್ನುವ ಸದ್ದು ಸುಮಾರು 33 ಡೆಸಿಬೆಲ್‌ಗೆ ಸಮ. ಒಂದು ಮೀಟರ್ ದೂರದ ಸಾಮಾನ್ಯ ಮಾತು ಸುಮಾರು 60. ನಾಲ್ಕು ಮೀಟರಿಗೆ ಅದು 48ಕ್ಕೆ ಇಳಿಯುತ್ತದೆ, ಫ್ಯಾನಿನ ಗದ್ದಲ ಬೇರೆ. ಗೇನ್ ಏರಿಸಿದರೆ ಆ ಸದ್ದೂ ಅಷ್ಟೇ ಏರುತ್ತದೆ. ಯಂತ್ರವನ್ನು ಮೇಷ್ಟರ ಮೇಜಿನ ಮೇಲಿಡುವುದೇ ಸರಿಯಾದ ದಾರಿ. ಕೆಳಗೆ ಮಡಚಿದ ಕರವಸ್ತ್ರ ಇರಲಿ, ಮೇಜು ಕುಟ್ಟುವ ಸದ್ದು ಬರದು.

16 ಕಿಲೋಹರ್ಟ್ಸ್, 16 ಬಿಟ್, ಮೊನೊ ಆದರೆ ಗಂಟೆಗೆ 115 ಎಂಬಿ ವೇವ್ ಫೈಲು. 64 ಕೆಬಿಪಿಎಸ್ ಎಂಪಿ3ಗೆ 29 ಎಂಬಿ ಸಾಕು, ಆದರೂ ಮೊದಲು ವೇವ್‌ನಲ್ಲೇ ಬರೆದು ಆಮೇಲೆ ಬದಲಿಸುತ್ತೇವೆ. ವೇವ್‌ನ ದೌರ್ಬಲ್ಯ ಅದರ ತಲೆಬರಹ: ಮೊದಲ 44 ಬೈಟುಗಳಲ್ಲಿರುವ ಉದ್ದದ ಲೆಕ್ಕವನ್ನು ರೆಕಾರ್ಡಿಂಗ್ ಮುಗಿದಾಗ ಸರಿಪಡಿಸುವುದು. ನಡುವೆ ವಿದ್ಯುತ್ತು ಹೋದರೆ ದನಿಯೆಲ್ಲ ಕಾರ್ಡಿನಲ್ಲಿದ್ದರೂ ಪ್ಲೇಯರ್ ಫೈಲನ್ನು ಖಾಲಿ ಎನ್ನಬಹುದು. ಈಗ ಯಂತ್ರ ಆನ್ ಆದಾಗಲೆಲ್ಲ ಕೊನೆಯ ಫೈಲನ್ನು ಪರೀಕ್ಷಿಸುತ್ತದೆ: ಫೈಲಿನ ಗಾತ್ರದಲ್ಲಿ 8 ಕಳೆದು 4ನೇ ಬೈಟಿನಲ್ಲಿ, 44 ಕಳೆದು 40ನೇ ಬೈಟಿನಲ್ಲಿ ಬರೆಯುತ್ತದೆ (ಬೈಟಿನ ಎಣಿಕೆ ಸೊನ್ನೆಯಿಂದ). ಜೊತೆಗೆ 5 ಸೆಕೆಂಡಿಗೊಮ್ಮೆ ಕಾರ್ಡಿಗೆ ಬಲವಂತವಾಗಿ ಬರೆಸಬೇಕು, ಇಲ್ಲವಾದರೆ ಲಿನಕ್ಸ್ ಸುಮಾರು ಅರ್ಧ ನಿಮಿಷದ ದನಿಯನ್ನು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ.

ಪೈಗೆ ಸ್ವಂತ ಗಡಿಯಾರವಿಲ್ಲ. ವೈಫೈ ಸಿಗದ ಕಡೆ ತಾರೀಖು ಹಿಂದಕ್ಕೆ ಹೋಗಿ ಫೈಲುಗಳ ಸಾಲು ಕಲಸಿಹೋಗುತ್ತದೆ. ಡಿಎಸ್3231 ಬಂದದ್ದು ಅದಕ್ಕೇ. ಹೆಸರಿನಲ್ಲಿ ಕ್ರಮಸಂಖ್ಯೆಯೂ ಇದೆ, ಏಕೆಂದರೆ ಗಡಿಯಾರದ ಬಿಲ್ಲೆ ಬ್ಯಾಟರಿಯೂ ಒಂದು ದಿನ ಮುಗಿಯುತ್ತದೆ.

ಇನ್ನು ಅರ್ಧ ಆಗಿರುವ ಕೆಲಸ, ರೆಕಾರ್ಡ್ ಆಗುತ್ತಿರುವಾಗಲೇ ಶೀರ್ಷಿಕೆ ಗುರುತು ಹಾಕುವುದು. ಒಂದು ಗಂಟೆಯ ಪಾಠದಲ್ಲಿ ಬೇಕಾದ ಜಾಗ ಹುಡುಕುವುದಕ್ಕೆ ಇದಿಲ್ಲದೆ ಆಗದು. 5ನೇ ಅಂಕಿ ಒತ್ತಿದರೆ ಆ ಕ್ಷಣ ಪಠ್ಯ ಫೈಲಿಗೆ ಸೇರುತ್ತದೆ. ನಂತರ ಸ್ಕ್ರಿಪ್ಟ್ ಅದರಿಂದ ಡೈಸಿ 2.02 ಆವೃತ್ತಿಗೆ ಬೇಕಾದ ಎನ್‌ಸಿಸಿ (ಶೀರ್ಷಿಕೆಗಳ ಪಟ್ಟಿ) ಮತ್ತು ಸ್ಮಿಲ್ (ಶೀರ್ಷಿಕೆಯನ್ನು ದನಿಯ ಸಮಯಕ್ಕೆ ಜೋಡಿಸುವ) ಫೈಲುಗಳನ್ನು ಮಾಡುತ್ತದೆ. ವಿಷಯ ಬದಲಾಯಿತೆಂದು ತಿಳಿದ ಮೇಲಷ್ಟೇ ಜನ ಗುಂಡಿ ಒತ್ತುವುದರಿಂದ ಗುರುತನ್ನು 2 ಸೆಕೆಂಡ್ ಹಿಂದಕ್ಕೆ ಸರಿಸಬೇಕು. ಗುಂಡಿಯ ಟಕ್ ಸದ್ದು ಮಾತ್ರ ಇನ್ನೂ ಕೇಳಿಸುತ್ತಿದೆ. ಲೋಹದ ಟ್ಯಾಕ್ಟ್ ಸ್ವಿಚ್ಚಿನ ಬದಲು ಮೆತ್ತನೆಯ ರಬ್ಬರ್ ಕೀ ಹಾಕಿ ನೋಡುವುದು ಮುಂದಿನ ಕೆಲಸ.