ಆಡದ ಆಟದ ಗೈಡು

"ಈ ಆಟ ಆಡಿದ್ದೀರಾ?"

"ಇಲ್ಲ."

"ಪುಸ್ತಕ ಓದಿದ್ದೀರಾ?"

"ಓದಿದ್ದೇನೆ. ಹತ್ತು ಸಲವಾದರೂ ಓದಿರಬಹುದು."

ಶನಿವಾರ ಬೆಳಿಗ್ಗೆ ನಡೆದ ಮಾತು ಇಷ್ಟೇ. ಇವತ್ತು ಗುರುವಾರ. ಪಾತ್ರೆ ತೊಳೆಯುವಾಗ, ಕಾರು ಸಿಗ್ನಲ್ಲಿನಲ್ಲಿ ನಿಂತಾಗ, ಕಚೇರಿಯ ಮೀಟಿಂಗಿನಲ್ಲಿ ನನ್ನ ಸರದಿ ಬರುವ ಮೊದಲು, ಆ ನಾಲ್ಕು ಸಾಲು ತಾನಾಗಿ ಮತ್ತೆ ಶುರುವಾಗುತ್ತದೆ. ಮಾತಿಗಿಂತ ಹೆಚ್ಚು ಕಾಡುತ್ತಿರುವುದು ಆಮೇಲೆ ಆಕೆ ನನ್ನನ್ನು ನೋಡಿದ ನೋಟ. ಊಟವನ್ನೇ ಮಾಡದವನು ಹೋಟೆಲಿನ ಮೆನು ನನಗೆ ಬಾಯಿಪಾಠ ಎಂದರೆ ನಾವು ಹೇಗೆ ನೋಡುತ್ತೇವೆಯೋ ಹಾಗೆ.

ಒಹಾಯೋದ ನಮ್ಮ ಊರಿನ ಗ್ರಂಥಾಲಯ ವರ್ಷಕ್ಕೆ ಎರಡು ಸಲ ಹಳೆಯ ಪುಸ್ತಕಗಳ ಮಾರಾಟ ನಡೆಸುತ್ತದೆ. ಜನ ಮನೆ ಖಾಲಿ ಮಾಡುವಾಗ ತಂದು ಸುರಿದುಹೋದ ಪುಸ್ತಕಗಳನ್ನು ನೆಲಮಾಳಿಗೆಯಲ್ಲಿ ಕುಳಿತು ವಿಂಗಡಿಸುವುದು ನಮ್ಮಂಥ ಸ್ವಯಂಸೇವಕರ ಕೆಲಸ. ಮಾರಲು ಯೋಗ್ಯವಾದದ್ದು ಬಲಕ್ಕೆ, ರದ್ದಿ ಎಡಕ್ಕೆ. ಉಸ್ತುವಾರಿ ನೋಡಿಕೊಳ್ಳುವ ಅಜ್ಜಿ ಅಂಚೆ ಇಲಾಖೆಯಿಂದ ನಿವೃತ್ತರಾದವರು. ಕೈ ಎಷ್ಟು ಚುರುಕೆಂದರೆ, ನಾನು ಒಂದು ಪುಸ್ತಕದ ಬೆನ್ನು ಓದಿ ಮುಗಿಸುವುದರೊಳಗೆ ಅವರು ಹತ್ತು ಪುಸ್ತಕಗಳ ಹಣೆಬರಹ ಬರೆದಿರುತ್ತಾರೆ. ಒಳ್ಳೆಯ ಹೆಂಗಸು. ಹಿಮ ಬಿದ್ದ ದಿನ ನನ್ನ ಕಾರಿನ ಗಾಜು ಕೆರೆದುಕೊಟ್ಟಿದ್ದಾರೆ. ಆದರೆ ಒಂದು ಪುಸ್ತಕ ಎಡಕ್ಕೆ ಹೋಯಿತೆಂದರೆ ಬ್ರಹ್ಮ ಬಂದರೂ ಅದನ್ನು ಬಲಕ್ಕೆ ತರಲಾರ.

ಶನಿವಾರ ಬಂದ ಒಂದು ಡಬ್ಬಿಯ ತುಂಬ ವೀಡಿಯೊ ಗೇಮ್ ಗೈಡುಗಳಿದ್ದವು, ಆಟವನ್ನು ಹೆಜ್ಜೆ ಹೆಜ್ಜೆಯಾಗಿ ಆಡಿ ಮುಗಿಸುವ ದಾರಿ ಹೇಳುವ ಪುಸ್ತಕಗಳು. ಇಪ್ಪತ್ತಕ್ಕೂ ಹೆಚ್ಚು. ದೊಡ್ಡ ಆಕಾರ, ನುಣುಪು ಕಾಗದ, ಪುಟದ ತುಂಬ ಬಣ್ಣದ ಚಿತ್ರ, ನಕ್ಷೆ, ಬಾಣದ ಗುರುತು. ಅಜ್ಜಿ ಡಬ್ಬಿಯನ್ನು ತೆರೆದು ನೋಡಿ, ಕಾಲಿನಿಂದಲೇ ಎಡಕ್ಕೆ ನೂಕಿದರು. "ಎಲ್ಲ ಇಂಟರ್‌ನೆಟ್ಟಿನಲ್ಲಿ ಇದೆ, ಯಾರಿಗೆ ಬೇಕು ಇದು?" ಎಂದರು. ನಾನು ಬಗ್ಗಿ ಮೇಲಿದ್ದ ಒಂದನ್ನು ಎತ್ತಿಕೊಂಡೆ. 'ಜೆಲ್ಡಾ: ಒಕರೀನಾ ಆಫ್ ಟೈಮ್'. 1998ರ ನವೆಂಬರಿನಲ್ಲಿ ಬಂದ ಆಟ. ನನ್ನ ಮುಖದಲ್ಲಿ ಏನು ಕಂಡಿತೋ, ಅಜ್ಜಿ ಕೇಳಿದರು: ಈ ಆಟ ಆಡಿದ್ದೀರಾ?

ಇಲ್ಲ ಎಂದ ಮೇಲೆ ವಾದಿಸಲು ನನ್ನ ಬಳಿ ಏನು ಉಳಿಯಿತು?

ನಮ್ಮ ಕಡೆ ಗೈಡ್ ಎಂದರೆ ಒಂದೇ ಅರ್ಥ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಪೇಟೆಗೆ ಬರುವ, ಪ್ರಶ್ನೆಯ ಕೆಳಗೇ ಉತ್ತರ ಅಚ್ಚಾಗಿರುವ ದಪ್ಪ ಪುಸ್ತಕ. ಅರಸೀಕೆರೆಯ ನಮ್ಮ ಮನೆಯಲ್ಲಿ ಅದಕ್ಕೆ ಪ್ರವೇಶವಿರಲಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಗೈಡ್ ಇಟ್ಟುಕೊಂಡ ಹುಡುಗನನ್ನು ಕಂಡರೆ ಜೇಬಿನಲ್ಲಿ ಬೀಡಿ ಇಟ್ಟುಕೊಂಡವನನ್ನು ಕಂಡಷ್ಟೇ ಸಿಟ್ಟು. 2002ರಲ್ಲಿ ಸಿಇಟಿ ಪುಸ್ತಕ ಕೊಳ್ಳಲು ನನ್ನನ್ನು ಬೆಂಗಳೂರಿನ ಅವೆನ್ಯೂ ರಸ್ತೆಗೆ ಕರೆದುಕೊಂಡು ಹೋಗಿದ್ದರು. ಅವರು ಭೌತಶಾಸ್ತ್ರದ ಪುಸ್ತಕಕ್ಕೆ ಚೌಕಾಸಿ ಮಾಡುತ್ತಿದ್ದಾಗ ಫುಟ್‌ಪಾತಿನ ರಾಶಿಯಲ್ಲಿ ನನಗೆ ಸಿಕ್ಕಿದ್ದು ಇದೇ ಪುಸ್ತಕ. ಮೂವತ್ತು ರೂಪಾಯಿ. ಮೊದಲ ಪುಟದಲ್ಲಿ ಅಮೆರಿಕದ ಯಾವುದೋ ಗ್ರಂಥಾಲಯದ ಮುದ್ರೆ, ಅದರ ಮೇಲೆ ಕೆಂಪು ಶಾಯಿಯಲ್ಲಿ ಓರೆಯಾಗಿ 'ಡಿಸ್ಕಾರ್ಡ್' ಎಂಬ ಇನ್ನೊಂದು ಮುದ್ರೆ.

"ಇದು ಯಾವ ವಿಷಯದ ಗೈಡೋ?" ಅಪ್ಪ ಕೇಳಿದರು.

"ಇಂಗ್ಲಿಷ್ ಸುಧಾರಿಸುತ್ತದೆ ಅಪ್ಪಾ."

ಆ ಆಟ ಆಡಲು ಬೇಕಾದ ನಿಂಟೆಂಡೊ 64 ಯಂತ್ರವನ್ನು ನಾನು ಕಣ್ಣಾರೆ ಕಂಡಿರಲಿಲ್ಲ, ಮುಂದೆ ಕಾಣುವ ಲಕ್ಷಣವೂ ಇರಲಿಲ್ಲ. ಮನೆಯಲ್ಲಿ ಕಂಪ್ಯೂಟರೇ ಇಲ್ಲ. ಹಾಗಾಗಿ ಅದನ್ನು ಪ್ರವಾಸ ಕಥನ ಓದುವಂತೆ ಓದಿದೆ. ಕಕಾರಿಕೋ ಎಂಬ ಹಳ್ಳಿಯ ಬಾವಿ ಎಲ್ಲಿದೆ, ಹೈಲಿಯಾ ಸರೋವರದ ತಳದಲ್ಲಿ ಯಾವ ಗುಡಿಯ ಬಾಗಿಲಿದೆ, ಯಾವ ಮನೆಯ ಕೋಳಿಗಳನ್ನು ಹಿಡಿದು ಕೊಟ್ಟರೆ ಬಾಟಲಿ ಸಿಗುತ್ತದೆ, ಎಲ್ಲ ಗೊತ್ತು. ಮೆಜೆಸ್ಟಿಕ್ಕಿನಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಆ ಪುಸ್ತಕದ ವಾಕ್ಯಗಳೆಲ್ಲ ಅಪ್ಪಣೆಯ ಧಾಟಿಯಲ್ಲಿದ್ದವು: ಎಡಕ್ಕೆ ತಿರುಗಿ, ಗೋಡೆಯ ಬಿರುಕಿಗೆ ಬಾಂಬ್ ಇಡಿ, ಹಿಂದಕ್ಕೆ ಸರಿಯಿರಿ. ಅದುವರೆಗೆ ನಾನು ಓದಿದ ಕಥೆಗಳಲ್ಲಿ ಕೆಲಸವನ್ನೆಲ್ಲ ಬೇರೆ ಯಾರೋ ಮಾಡುತ್ತಿದ್ದರು. ಇಲ್ಲಿ ಬಾಂಬ್ ಇಡಬೇಕಾದವನು ನಾನೇ. ಅರಸೀಕೆರೆಯ ಜಗಲಿಯಲ್ಲಿ ಕುಳಿತು ಇಟ್ಟೆ ಕೂಡ.

ಒಂದು ಸಂಜೆ ಅಪ್ಪನೂ ಪುಸ್ತಕವನ್ನು ಕೈಗೆತ್ತಿಕೊಂಡು ಜಲದೇಗುಲದ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಅಂತಸ್ತುಗಳು ಒಂದರ ಮೇಲೊಂದು, ನೀರಿನ ಮಟ್ಟ ಬದಲಾದಂತೆ ತೆರೆದುಕೊಳ್ಳುವ ದಾರಿಗಳು. "ಬರೆದವನು ಮೇಷ್ಟರ ಜಾತಿಯವನು" ಎಂದಷ್ಟೇ ಹೇಳಿ ಕೆಳಗಿಟ್ಟರು. ನಮ್ಮಪ್ಪನಿಂದ ಗೈಡ್ ಬರೆದವನಿಗೆ ಸಿಕ್ಕ ಒಂದೇ ಒಂದು ಪ್ರಶಸ್ತಿ ಅದು.

ಇದೆಲ್ಲವನ್ನೂ ಅಜ್ಜಿಗೆ ಹೇಳಬಹುದಿತ್ತು. ನೀವು ಎಡಕ್ಕೆ ನೂಕಿದ ಇಂಥದೇ ಒಂದು ಡಬ್ಬಿ ಹೇಗೋ ಕಡಲು ದಾಟಿ ಬಂದು ಒಬ್ಬ ಹುಡುಗನಿಗೆ ಸಿಕ್ಕಿತ್ತು ಎನ್ನಬಹುದಿತ್ತು. ಆಗ ಹೊಳೆಯಲಿಲ್ಲ. ಮನೆಗೆ ಹೋಗುವಾಗ ಕಾರಿನಲ್ಲಿ ಹೊಳೆಯಿತು, ಜೊತೆಗೆ ಇನ್ನೂ ಒಳ್ಳೆಯ ಮಾತೊಂದು ಹೊಳೆಯಿತು. ಅಜ್ಜಿ ಹಳೆಯ ಅಡುಗೆ ಪುಸ್ತಕ ಒಂದನ್ನೂ ರದ್ದಿಗೆ ಹಾಕುವುದಿಲ್ಲ. ಜೆಲ್ಲಿಯೊಳಗೆ ತರಕಾರಿ ಹೂತು ತಿನ್ನುವ ಕಾಲದ ಪುಸ್ತಕಗಳನ್ನೂ ಒರೆಸಿ ಬಲಕ್ಕಿಡುತ್ತಾರೆ, ಎರಡು ಮೂರನ್ನು ತಾವೇ ಕೊಳ್ಳುತ್ತಾರೆ. ಮಧ್ಯಾಹ್ನಕ್ಕೆ ಮಾತ್ರ ಪ್ರತಿ ಶನಿವಾರವೂ ಪೆಟ್ರೋಲ್ ಬಂಕಿನ ಸ್ಯಾಂಡ್‌ವಿಚ್. "ನೀವು ಅದನ್ನೆಲ್ಲ ಅಡುಗೆ ಮಾಡಿದ್ದೀರಾ?" ಎಂದು ತಿರುಗಿ ಕೇಳಬೇಕಿತ್ತು. ಬುದ್ಧಿ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಅಲ್ಲಿ ನಾನು ಮಾಡಿದ್ದು ಒಂದು ಡಾಲರ್ ಡಬ್ಬಿಗೆ ಹಾಕಿ, ಕಳ್ಳನಂತೆ ಆ ಒಂದು ಪುಸ್ತಕವನ್ನು ಎತ್ತಿಕೊಂಡು ಬಂದದ್ದು. ಉಳಿದವು ಎಡಕ್ಕೇ ಹೋದವು.

ಅಜ್ಜಿ ಹೇಳಿದ್ದು ನಿಜವೋ ಎಂದು ಭಾನುವಾರ ಪರೀಕ್ಷೆಯನ್ನೂ ಮಾಡಿದೆ. ಆ ಆಟ ಈಗ ನಿಂಟೆಂಡೊದ ಸ್ವಿಚ್ ಯಂತ್ರದಲ್ಲಿ ಚಂದಾ ಕಟ್ಟಿದವರಿಗೆ ಸಿಗುತ್ತದೆ. ಹನ್ನೆರಡು ವರ್ಷದ ಮಗ ಅದನ್ನು ಆಡುತ್ತಾ ಜಲದೇಗುಲದಲ್ಲಿ ಸಿಕ್ಕಿಬಿದ್ದು ವಾರವಾಗಿತ್ತು. ಒಂದು ಕೀಲಿ ಕಡಿಮೆ. ಜಗತ್ತಿನ ಅರ್ಧ ಜನ ಸಿಕ್ಕಿಬಿದ್ದಿರುವುದು ಅದೇ ಕೀಲಿಗೆ. ಗುಡಿಯ ನಡುವೆ ಒಂದು ಗೋಪುರವಿದೆ. ಅದರೊಳಗೆ ನಿಂತು ರಾಗ ನುಡಿಸಿದರೆ ನೀರು ಏರುತ್ತದೆ. ನೀರಿನ ಜೊತೆಗೆ ನೆಲದ ಮೇಲಿದ್ದ ಚೌಕದ ದಿಮ್ಮಿಯೊಂದೂ ತೇಲಿ ಮೇಲೆ ಬರುತ್ತದೆ, ಅದರ ಕೆಳಗೆ ಬಿಲ ಕಾಣಿಸುತ್ತದೆ. ಆದರೆ ಆಡುವವನ ಕಣ್ಣು ಆಗ ಮೇಲಿನ ದಾರಿ ಹುಡುಕುತ್ತಿರುತ್ತದೆ, ಕೆಳಗೆ ನೋಡುವವರು ಯಾರು? ಕಬ್ಬಿಣದ ಬೂಟು ತೊಟ್ಟು ಮುಳುಗಿದರೆ ಮಾತ್ರ ಕೀಲಿ. 2011ರಲ್ಲಿ ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಯಂತ್ರಕ್ಕಾಗಿ ಈ ಆಟವನ್ನು ಮತ್ತೆ ಮಾಡಿದಾಗ ದಿಮ್ಮಿ ಮೇಲೇರುವುದನ್ನು ಕ್ಯಾಮೆರಾ ತಿರುಗಿಸಿ ತೋರಿಸುವ ವ್ಯವಸ್ಥೆ ಮಾಡಿದರು. ಸ್ವಿಚ್‌ನಲ್ಲಿರುವುದು ಮಾತ್ರ ಹಳೆಯ ಆಟವೇ.

ಮಗನಿಗೆ ಮೊಬೈಲ್, ನನಗೆ ಗೈಡ್. ಮಗ ಜಾಹೀರಾತು ದಾಟಿ, ಯಾರೋ ತನ್ನ ಚಾನೆಲ್ಲಿಗೆ ಸೇರಿರೆಂದು ಅಂಗಲಾಚುವುದನ್ನು ದಾಟಿ, ನಾಲ್ಕು ನಿಮಿಷದಲ್ಲಿ ಉತ್ತರ ಹಿಡಿದ. ನಾನು ನಕ್ಷೆಯ ಮೇಲೆ ಬೆರಳಿಟ್ಟು, ಈಗ ನೀರು ಯಾವ ಮಟ್ಟದಲ್ಲಿದೆ, ಯಾವ ಬಾಗಿಲಿನ ಬೀಗ ಈಗಾಗಲೇ ತೆರೆದಿದೆ ಎಂದು ಮಗನನ್ನು ಕೇಳುತ್ತಾ ಅರ್ಧ ಗಂಟೆ ತೆಗೆದುಕೊಂಡೆ. ಹತ್ತು ಸಲ ಓದಿದವನ ನೆನಪೂ ಕೈಕೊಟ್ಟಿತು. ನಾನು ಇಪ್ಪತ್ತು ವರ್ಷದಿಂದ ಆ ಬಿಲವನ್ನು ಗೋಪುರದ ಹೊರಗಿಟ್ಟುಕೊಂಡು ಬಂದಿದ್ದೆ. ಅಜ್ಜಿ ಗೆದ್ದರು.

ಆದರೆ ಒಂದು ವಿಷಯ. ಉತ್ತರ ಸಿಕ್ಕಿದ ಕೂಡಲೇ ಮಗ ಮೊಬೈಲ್ ಮಗುಚಿಟ್ಟ. ನನ್ನ ಕೈಯಲ್ಲಿದ್ದ ಪುಸ್ತಕಕ್ಕೆ ಮಾತ್ರ ಬಗ್ಗಿದ. "ಅಪ್ಪಾ, ಸರೋವರದ ಹತ್ತಿರ ಮೀನು ಹಿಡಿಯುವ ಕೊಳ ಇದೆಯಾ?" ಇದೆ. "ಚಿನ್ನದ ಜೇಡಗಳು ಒಟ್ಟು ನೂರಾ?" ನೂರು. ಅವನಿಗೆ ಸಿಕ್ಕಿದ್ದು ಮೂವತ್ತೇ. ಜಲದೇಗುಲವನ್ನು ಅರ್ಧಕ್ಕೆ ಬಿಟ್ಟು ಮೀನು ಹಿಡಿಯಲು ಹೋದ. ಕಿಟ್ಟೆಲ್ ನಿಘಂಟಿನಲ್ಲಿ ಒಂದು ಪದದ ಅರ್ಥ ನೋಡಲು ಹೋಗಿ, ಪಕ್ಕದ ಪದ, ಅದರ ಪಕ್ಕದ ಪದ ಎಂದು ಊಟದ ಹೊತ್ತು ತಪ್ಪಿಸಿಕೊಳ್ಳುತ್ತೇವಲ್ಲ, ಅದೇ ರೋಗ. ವೀಡಿಯೊ ನಾವು ಕೇಳಿದ್ದನ್ನು ಮಾತ್ರ ಕೊಟ್ಟು ಬಾಗಿಲು ಹಾಕಿಕೊಳ್ಳುತ್ತದೆ. ನಮಗೆ ಕೇಳಲು ಗೊತ್ತೇ ಇಲ್ಲದ್ದು ಎಷ್ಟಿದೆ ಎಂದು ಅದಕ್ಕೆ ಹೇಳುವ ದರ್ದಿಲ್ಲ.

ಹಾಗೆಂದು ಗೈಡುಗಳೆಲ್ಲ ಸಾಚಾ ಎಂದಲ್ಲ. 2000ದಲ್ಲಿ ಬ್ರಾಡಿಗೇಮ್ಸ್ ಎಂಬ ಪ್ರಕಾಶನ ತಂದ 'ಫೈನಲ್ ಫ್ಯಾಂಟಸಿ 9' ಗೈಡ್ ಇವತ್ತಿಗೂ ಅಪಹಾಸ್ಯದ ವಸ್ತು. ಮುಖ್ಯವಾದ ಜಾಗ ಬಂದಾಗಲೆಲ್ಲ ಅದರಲ್ಲಿ ಉತ್ತರದ ಬದಲು ಒಂದು ಗುಪ್ತಪದವಿರುತ್ತಿತ್ತು; ಅದನ್ನು ಆಟ ಮಾಡಿದ ಕಂಪನಿಯ ಜಾಲತಾಣಕ್ಕೆ ಹೋಗಿ ಹಾಕಿದರೆ ಉಳಿದದ್ದು ತಿಳಿಯುತ್ತದೆ ಎಂದು. ದುಡ್ಡು ಕೊಟ್ಟು ಕೊಂಡ ಪುಸ್ತಕ ಮುಂದಿನ ಬೀದಿಯಲ್ಲಿ ವಿಚಾರಿಸಿ ಎಂದಂತೆ. 2006ರ 'ಫೈನಲ್ ಫ್ಯಾಂಟಸಿ 12' ಇನ್ನೂ ಒಂದು ಕೈ ಮೇಲು. ಅದರಲ್ಲಿ ನಾಲ್ಕು ನಿರ್ದಿಷ್ಟ ಪೆಟ್ಟಿಗೆಗಳಲ್ಲಿ ಒಂದನ್ನು ಮುಟ್ಟಿದರೂ ಸಾಕು, ಎಷ್ಟೋ ಹೊತ್ತಿನ ಮೇಲೆ ಖಚಿತವಾಗಿ ಸಿಗಬೇಕಾದ ಬಲಶಾಲಿ ಈಟಿ ಆ ಜಾಗದಲ್ಲಿ ಇರುವುದಿಲ್ಲ. ಆಟದೊಳಗೆ ಇದರ ಸುಳಿವೇ ಇಲ್ಲ. ಇದು ಗೈಡ್ ಮಾರುವ ಉಪಾಯ ಎಂದು ಆಡುವವರು ಬೈದದ್ದರಲ್ಲಿ ತಪ್ಪಿಲ್ಲ. ಬೀಗ ಮಾರಿದವನೇ ಕೀಲಿಗೆ ಬೇರೆ ದುಡ್ಡು ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. 1995ರಲ್ಲಿ ಅಮೆರಿಕದಲ್ಲಿ 'ಅರ್ಥ್‌ಬೌಂಡ್' ಮಾರಾಟಕ್ಕೆ ಬಂದಾಗ ಗೈಡನ್ನು ಆಟದ ಪೆಟ್ಟಿಗೆಯೊಳಗೇ ಇಟ್ಟು ಕೊಟ್ಟಿದ್ದರು, ಕೊನೆಯಲ್ಲಿ ಕೆರೆದು ಮೂಸುವ ಚೀಟಿಗಳ ಸಮೇತ. ಅದು ದೊಡ್ಡತನ. ಆಟ ಮಾತ್ರ ಅಲ್ಲಿ ಆಗ ಅಷ್ಟಾಗಿ ಓಡಲಿಲ್ಲ ಎನ್ನುವುದು ಬೇರೆ ಮಾತು.

ಅದೇ 1995ರಲ್ಲಿ ಶುರುವಾದ ಗೇಮ್‌ಫ್ಯಾಕ್ಸ್ ಎಂಬ ತಾಣದಲ್ಲಿ ಆಡುವವರೇ ಪುಕ್ಕಟೆಯಾಗಿ ಗೈಡ್ ಬರೆಯತೊಡಗಿದರು. ಚಿತ್ರವಿಲ್ಲದ ಬರೀ ಅಕ್ಷರ, ನಕ್ಷೆಯನ್ನೂ ಟೈಪ್ ಮಾಡಿಯೇ ಬಿಡಿಸುವ ತಾಳ್ಮೆ. ಮುದ್ರಿತ ಗೈಡಿನ ಆಯುಷ್ಯ ಮುಗಿಯಲು ಅಲ್ಲಿಂದ ಎರಡು ದಶಕ ಹಿಡಿಯಿತು. ಬ್ರಾಡಿಗೇಮ್ಸ್ 2015ರಲ್ಲಿ ಪ್ರೈಮಾ ಎಂಬ ಇನ್ನೊಂದು ಗೈಡ್ ಪ್ರಕಾಶನದೊಳಗೆ ಕರಗಿತು, ಪ್ರೈಮಾ 2018ರ ನವೆಂಬರಿನಲ್ಲಿ ಅಂಗಡಿ ಮುಚ್ಚುವುದಾಗಿ ಸಾರಿತು. ಈಗಲೂ ಒಂದೆರಡು ಪ್ರಕಾಶನಗಳು ರಟ್ಟು ಕಟ್ಟಿದ, ಎರಡು ಕೈಯಲ್ಲಿ ಎತ್ತಬೇಕಾದ ಗೈಡುಗಳನ್ನು ತರುತ್ತವೆ. 'ಎಲ್ಡನ್ ರಿಂಗ್' ಆಟದ್ದು ಒಂದು ಸಂಪುಟದಲ್ಲಿ ಮುಗಿಯಲಿಲ್ಲ. ಆದರೆ ಈಗಿನ ಆಟಗಳನ್ನು ಬಿಡುಗಡೆಯ ನಂತರವೂ ತಿದ್ದುತ್ತಲೇ ಇರುತ್ತಾರೆ; ಇವತ್ತು ಅಚ್ಚಾದ ಕತ್ತಿಯ ಬಲ ನಾಳೆಯ ಆಟದಲ್ಲಿ ಅಷ್ಟೇ ಇರುತ್ತದೆ ಎಂಬ ಖಾತ್ರಿಯಿಲ್ಲ. 1998ರ ಆಟಕ್ಕೆ ಆ ಭಯವಿರಲಿಲ್ಲ. ಅಚ್ಚಾದದ್ದು ಅಚ್ಚಾಯಿತು, ಆ ಬಿಲ ಇವತ್ತಿಗೂ ಅದೇ ದಿಮ್ಮಿಯ ಕೆಳಗಿದೆ.

"ಆಡಿದ್ದೀರಾ?" "ಇಲ್ಲ." ಬರೆಯುತ್ತಾ ಕುಳಿತಾಗ ಇನ್ನೊಂದು ಸಲ ಕೇಳಿಸಿತು. ಆ 'ಇಲ್ಲ'ವನ್ನು ನಾನು ಯಾಕೆ ತಪ್ಪೊಪ್ಪಿಕೊಂಡವನ ದನಿಯಲ್ಲಿ ಹೇಳಿದೆನೋ. ಭಾನುವಾರ ರಾತ್ರಿ ಮಗ ಮಲಗಿದ ಮೇಲೆ ಕಂಟ್ರೋಲರ್ ಹಿಡಿದು ನಾನೂ ಆಡಲು ಕುಳಿತಿದ್ದೆ. ಹತ್ತು ನಿಮಿಷದಲ್ಲಿ ಮೂರು ಸಲ ಸತ್ತೆ, ಕಕಾರಿಕೋದ ಕೋಳಿ ಹಿಡಿಯಲಾಗದೆ ಬೆವರಿದೆ. ದಾರಿಯೆಲ್ಲ ಗೊತ್ತು, ಕಾಲು ಮಾತ್ರ ಬಾರದು. ಪುಸ್ತಕದಲ್ಲಿ ಆ ಕೋಳಿಗಳು ಅಲುಗಾಡುತ್ತಿರಲಿಲ್ಲ.

ನಿನ್ನೆ ಅಮ್ಮನಿಗೆ ಫೋನ್ ಮಾಡಿದಾಗ, ನನ್ನ ಹಳೆಯ ಪುಸ್ತಕಗಳ ನಡುವೆ ಇಂಥದ್ದೊಂದು ಇದೆಯೇ ನೋಡು ಎಂದೆ.

"ಹಸಿರು ಟೋಪಿಯ ಹುಡುಗನ ಪುಸ್ತಕ ತಾನೇ? ಅಡುಗೆಮನೆಯಲ್ಲೇ ಇದೆಯಲ್ಲೋ. ಉಪ್ಪಿನಕಾಯಿ ಜಾಡಿಯ ಕೆಳಗೆ ಹಾಕಿದ್ದೇನೆ. ಒಳ್ಳೆಯ ಕಾಗದ ಕಣೋ, ಇಷ್ಟು ವರ್ಷವಾದರೂ ಎಣ್ಣೆ ಒಳಗೆ ಇಳಿದಿಲ್ಲ. ಯಾಕೆ, ಬೇಕಿತ್ತಾ?"

ಬೇಡ, ಅಲ್ಲೇ ಇರಲಿ ಎಂದೆ.